ಜಿಂಕೆ ತೋರಿಸುವ ಕಾರು

ಆ ಸಂಜೆ ಜಿಂಕೆಗಳು ಓಡಿಹೋಗಲು ನಾನೇ ಕಾರಣ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರ ದನಿ ಕಿವಿಗೆ ಬಿದ್ದರೂ ಅದನ್ನು ಒಮ್ಮೆ ಅನುಕರಿಸದೆ ನನ್ನ ನಾಲಿಗೆ ಸುಮ್ಮನಿರುತ್ತಿರಲಿಲ್ಲ. ನಿನ್ನ ಸ್ವಂತ ದನಿ ಯಾವುದೋ ಎಂದರೆ ಮಾತ್ರ ತಡವರಿಸುತ್ತಿದ್ದೆ.

ನನ್ನ ಸೋದರಮಾವ ದಾವಣಗೆರೆಯಲ್ಲಿ ಹಳೆಯ ಕಾರೊಂದನ್ನು ಬಾಡಿಗೆಗೆ ಓಡಿಸುತ್ತಿದ್ದ. ಓಡಿಸುತ್ತಿದ್ದ ಎನ್ನುವುದು ಗೌರವಕ್ಕೆ. ಹೆಚ್ಚಾಗಿ ನಾನು ತಳ್ಳುತ್ತಿದ್ದೆ. ಮದುವೆ ಕಾಲ ಮುಗಿದರೆ ಅದು ಬೇವಿನ ಮರದ ಕೆಳಗೆ ಮಲಗುತ್ತಿತ್ತು. ಮಾರಿಬಿಡುವ ಮಾತು ಮನೆಯಲ್ಲಿ ದಿನಾ ನಡೆದು ಎಲ್ಲರಿಗೂ ಸಾಕಾಗಿತ್ತು. ಆಗ ಊರಲ್ಲಿ ಯಾರೋ ಅಧಿಕಾರಿ ಭಾಷಣ ಮಾಡಿದರು: ಕಾಡುಪ್ರಾಣಿ ನೋಡಲು ಪರದೇಶದವರು ಬಂದರೆ ದೇಶದ ಬೊಕ್ಕಸ ತುಂಬುತ್ತದೆ. ನಾನದನ್ನು ಅವರ ಕೆಮ್ಮಿನ ಸಮೇತ ಮನೆಯಲ್ಲಿ ಒಪ್ಪಿಸಿದೆ. ಎಲ್ಲರೂ ನಕ್ಕರು. ಮಾವ ನಗಲಿಲ್ಲ.

"ಬೊಕ್ಕಸಕ್ಕೆ ಹೋಗೋ ದಾರ್ಯಾಗೆ ನಮ್ಮ ಕಾರೂ ಐತಲ್ಲೋ," ಅಂದ.

ಹರಿಹರದ ಕಾರ್ಖಾನೆಯೊಂದಕ್ಕೆ ಯಂತ್ರ ಜೋಡಿಸಲು ಬಂದಿದ್ದ ಜರ್ಮನ್ ಎಂಜಿನಿಯರನನ್ನು ಮಾವ ಹಿಡಿದ. ಅವನಿಗೆ ಕೃಷ್ಣಮೃಗದ ಫೋಟೊ ಬೇಕಿತ್ತು. ಸಿಕ್ಕರೆ ಅವನ ಜೊತೆಯವರೂ ಭಾನುವಾರಗಳಂದು ಬರುತ್ತಾರೆ, ಕಾರು ಉಳಿಯುತ್ತದೆ.

ಹತ್ತಿರದ ಕುಕ್ಕುವಾಡ ಎಂಬ ಹಳ್ಳಿಯ ಎರೆಹೊಲಗಳಿಗೆ ಈ ಜಿಂಕೆಗಳು ಬರುತ್ತಿದ್ದವು. ಆದರೆ ಜೋಳ ಕಾಯುವ ಅಜ್ಜಿಯೊಬ್ಬಳು ಅಟ್ಟಣಿಗೆಯ ಮೇಲಿಂದ "ಹೋಯ್ ಹೋಯ್, ನಿಮ್ಮ ಹೆಣ ಎತ್ತ!" ಎಂದು ಕೂಗಿದಳೆಂದರೆ ದಿಕ್ಕಾಪಾಲು. ಮಾವ ಅವಳಿಗೊಂದು ಸೀರೆ ಕೊಟ್ಟು ಕೈಮುಗಿದ. "ಇವತ್ತೊಂದು ಸಂಜಿ ಬಾಯಿ ಬಿಡಬ್ಯಾಡ್ರಿ ಯವ್ವಾ." ಅಜ್ಜಿ ಒಪ್ಪಿದಳು.

ಬದುವಿನ ಹಿಂದೆ ಕೂತು ಕೂತು ಸೊಂಟ ಸತ್ತಿತು. ದಾರಿಯುದ್ದ ಕಾರು ತಳ್ಳಿದ ತೋಳಿನ ನೋವು ಬೇರೆ. ಜರ್ಮನ್ ತೂಕಡಿಸಿದ, ಮಾವ ದೂರದಲ್ಲಿ ಕಾರಿಗೆ ಒರಗಿ ಆಕಳಿಸಿದ. ಹೊತ್ತು ಇಳಿಯುವಾಗ ಕರಿಯ ಗಂಡೊಂದನ್ನು ಮುಂದಿಟ್ಟುಕೊಂಡು ಹಿಂಡು ಬಂತು, ಆರಾಮವಾಗಿ ಜೋಳಕ್ಕೆ ಬಾಯಿ ಹಾಕಿತು. ಅಜ್ಜಿ ಸೆರಗು ಕಚ್ಚಿಕೊಂಡು ನೋಡುತ್ತಿದ್ದಳು. ಜರ್ಮನ್ ಕ್ಯಾಮೆರಾದ ಚರ್ಮದ ಚೀಲ ಬಿಚ್ಚತೊಡಗಿದ. ಅಜ್ಜಿ ದಿನಾ ಇವನ್ನು ಹೇಗೆ ಓಡಿಸುತ್ತಾಳೆ ಎಂದು ಅವನಿಗೆ ತೋರಿಸುವ ಉಮೇದು ನನಗೆ. ಮೆಲ್ಲಗೇ ಶುರುಮಾಡಿದೆ. ಆದರೆ ಆ ದನಿಗೆ ಮೆಲ್ಲಗೆ ಎನ್ನುವುದೇ ಗೊತ್ತಿರಲಿಲ್ಲ.

"ಹೋಯ್ ಹೋಯ್!"

ಚೀಲ ಬಿಚ್ಚುವಷ್ಟರಲ್ಲಿ ಹೊಲದಲ್ಲಿ ಬರೀ ಧೂಳು. ಜರ್ಮನ್ ಚೀಲದ ಗುಂಡಿ ಹಾಕಿ ಕಾರಿನ ಕಡೆ ನಡೆದ. ಮಾವ ಅಟ್ಟಣಿಗೆಯ ಕೆಳಗೆ ಹೋಗಿ ನಿಂತ. "ಸೀರಿ ಇಸ್ಕಂಡು ಹಿಂಗ ಮಾಡಬೋದಾ ಯವ್ವಾ?"

ಅಜ್ಜಿ ಬಾಯಿಂದ ಸೆರಗು ತೆಗೆದು, ಜಿಂಕೆ ಮೇದ ಸಾಲುಗಳನ್ನು ನೋಡಿದಳು, ಆಮೇಲೆ ನನ್ನನ್ನು.

"ನಾನು ಸೆರಗು ಕಚ್ಕಂಡೇ ಕೂತೀನಿ. ಸೀರಿ ನನಗ್ಯಾಕ ಕೊಟ್ರಿ? ಈ ಹುಡುಗನಿಗೆ ಉಡಿಸಬೇಕಿತ್ತು."