ಬೂಟು ಹಾಕಿದ ಬಡವ

ಮಾತಾಡುವ ಸಿನಿಮಾ ಇನ್ನೂ ಬಂದಿರದ ಸಂಸ್ಥಾನದ ಕಾಲದಲ್ಲಿ, ಸಾಂಗಲಿ-ಮಿರಜದ ಮಂದಿಗೆ ಪರದೆಯ ಮೇಲೆ ಕುಣಿಯುವವರಿಗೆಲ್ಲ ಒಂದೇ ದನಿಯಿತ್ತು. ಅದು ರೇವಪ್ಪನ ದನಿ. ನಾಯಕ ಗರ್ಜಿಸಿದರೂ ಅವನೇ, ನಾಯಕಿ ಬಿಕ್ಕಿದರೂ ಅವನೇ, ಕುದುರೆ ಕೆನೆದರೂ ಅವನೇ. ಪರದೆಯ ಪಕ್ಕ ಸ್ಟೂಲು ಹಾಕಿಕೊಂಡು, ಕೈಯಲ್ಲೊಂದು ಬೆತ್ತ ಹಿಡಿದು, ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಕಥೆ ಹೇಳುವುದು ಅವನ ಕೆಲಸ. ಇಂಗ್ಲಿಷು ಬರುತ್ತಿದ್ದದ್ದು ಅಷ್ಟಕ್ಕಷ್ಟೇ. ನಡುನಡುವೆ ಮೂಡುವ ಬರಹವನ್ನು ಅರ್ಧ ಓದಿ, ಉಳಿದರ್ಧವನ್ನು ಧೈರ್ಯದಿಂದ ಹೇಳಿಬಿಡುತ್ತಿದ್ದ. ನೋಡುವವರು ಯಾರೂ ತಕರಾರು ಎತ್ತಿದವರಲ್ಲ.

ತಕರಾರು ಇದ್ದದ್ದು ಮನೆಯಲ್ಲಿ. ಸಾಂಗಲಿಯ ಪೇಟೆಯಲ್ಲಿ ಅಣ್ಣ ಸಿದ್ರಾಮಪ್ಪನದು ಅರಿಶಿನದ ದೊಡ್ಡ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ತಮ್ಮನನ್ನು ಮಗನಂತೆ ಸಾಕಿದವನು ಈ ಅಣ್ಣ. ಹಣೆಗೆ ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕೂರಬೇಕಾದ ಹುಡುಗ ಸಿನಿಮಾದ ಡೇರೆಯೊಳಗೆ ಕುದುರೆಯಾಗಿ ಕೆನೆಯುತ್ತಾನಲ್ಲ ಎಂಬುದು ಅವನ ಸಂಕಟ. ಹಿಂದಿನ ಎರಡು ಸಿನಿಮಾ ನೆಲ ಕಚ್ಚಿದಾಗ ಸಿದ್ರಾಮಪ್ಪ ಕರಾರು ಹಾಕಿದ: "ಮುಂದಿನದೂ ಓಡಲಿಲ್ಲಂದ್ರ ಮುಗೀತು. ಬೆತ್ತ ಒಗದು ಸೀದಾ ಅಂಗಡಿಗಿ ಬರಬೇಕು." ರೇವಪ್ಪ ಹುಂ ಎಂದ. ಅಣ್ಣನೆದುರು ಹುಂ ಎಂದಮೇಲೆ ಆ ಮನೆಯಲ್ಲಿ ಅದು ಕಲ್ಲಿನ ಮೇಲೆ ಬರೆದ ಹಾಗೆ.

ಮುಂದಿನ ಸಿನಿಮಾವನ್ನು ಆರಿಸಿದವನೂ ರೇವಪ್ಪನೇ. ಡೇರೆಯ ಮಾಲೀಕ ಬಾಬಾಸಾಹೇಬರ ಜೊತೆ ಮುಂಬಯಿಗೆ ಹೋಗಿ ನೋಡಿ, ಅತ್ತು, ಹಟ ಹಿಡಿದು ತರಿಸಿದ್ದ. ಯಾವುದೋ ಪರದೇಶದ ದೊಡ್ಡ ಪಟ್ಟಣದ ಕಥೆ. ಒಬ್ಬ ಕೆಲಸ ಕಳೆದುಕೊಳ್ಳುತ್ತಾನೆ, ಬಾಡಿಗೆ ಖೋಲಿಯೂ ಹೋಗುತ್ತದೆ, ಹಿಮ ಬೀಳುವ ಬೀದಿಯಲ್ಲಿ ಅಲೆಯುತ್ತಾನೆ. ಕೊನೆಗೆ ದೂರದ ಸಂಬಂಧಿಯ ಆಸ್ತಿ ಕೈಗೆ ಬಂದು, ದೊಡ್ಡ ಬಂಗಲೆಯಲ್ಲಿ ಉದ್ದನೆಯ ಮೇಜಿನ ಮುಂದೆ ಊಟಕ್ಕೆ ಕೂರುತ್ತಾನೆ. ಮುಂಬಯಿಯಲ್ಲಿ ಸಾಹೇಬರು, ಮೇಮಸಾಹೇಬರು ಹಿಮದ ಬೀದಿಗೆ ಕಣ್ಣೊರೆಸಿಕೊಂಡು, ಬಂಗಲೆಯ ಊಟಕ್ಕೆ ಚಪ್ಪಾಳೆ ತಟ್ಟಿದ್ದರು. ಸಾಂಗಲಿಯಲ್ಲೂ ಹಾಗೇ ಆಗುತ್ತದೆಂದು ರೇವಪ್ಪ ನಂಬಿದ್ದ.

ಸಾಂಗಲಿಯಲ್ಲಿ ಆದದ್ದೇ ಬೇರೆ. "ನೋಡಿ, ಕಡುಬಡವ" ಎಂದು ಅವನು ಮರಾಠಿಯಲ್ಲಿ ದನಿ ಒಡೆದುಕೊಂಡು ಹೇಳಿದ್ದೇ ತಡ, ನೆಲದ ಮೇಲೆ ಕೂತಿದ್ದ ಹಮಾಲನೊಬ್ಬ ಕೂಗಿದ: "ಅರೇ, ಪಾಯಾತ ಬೂಟ ಆಹೇ ಕೀ!" ಡೇರೆಯೇ ನಕ್ಕಿತು. ನಿಜವೇ, ಆ ಬಡವನ ಕಾಲಲ್ಲಿ ಬೂಟಿತ್ತು. ಮೈಮೇಲೆ ಕೋಟು, ತಲೆಗೆ ಟೊಪ್ಪಿಗೆ, ಖೋಲಿಯಲ್ಲಿ ಕುರ್ಚಿ, ಅದೂ ನಾಲ್ಕು ಅಂತಸ್ತಿನ ಮನೆ. ಸಂಸ್ಥಾನದ ಕಾರಕೂನನ ಮನೆಯಲ್ಲೂ ಅಷ್ಟು ಸಾಮಾನಿರಲಿಲ್ಲ. ಹಿಮ ಬೀಳುವಾಗಂತೂ ಹತ್ತಿ ಹಿಂಜುತ್ತಿದ್ದಾರೆಂದು ಮಂದಿ ಬಿದ್ದುಬಿದ್ದು ನಕ್ಕರು. ವಾರ ತುಂಬುವ ಮೊದಲೇ ಬಾಬಾಸಾಹೇಬರು ಡೇರೆ ಕಿತ್ತು ಮಿರಜಕ್ಕೆ ಹೊರಟರು. ಅಲ್ಲೂ ಖಾಲಿ ಹೊಡೆದರೆ ರೇವಪ್ಪನ ಪಾಲಿಗೆ ಅರಿಶಿನವೇ ಗತಿ.

ಮಿರಜದಲ್ಲಿ ಸ್ಟೇಶನ್ನಿನ ಹಿಂದೆ ಡೇರೆ ಎದ್ದಿತು. ಆಸ್ಪತ್ರೆಗೆ ರೋಗಿಗಳನ್ನು ಕರೆತಂದ ಕನ್ನಡದ ಹಳ್ಳಿಗಳ ಮಂದಿ ಗಿಡದ ಕೆಳಗೆ ಒಲೆ ಹೂಡಿಕೊಂಡು, ಕಾದು ಕಾದು ಬೇಸತ್ತು, ಸಂಜೆಯ ಆಟಕ್ಕೆ ಬಂದರು. ಹೆಂಗಸರ ಕಡೆ ಮೊದಲ ಸಾಲಿಗೇ ಬಂದು ಕೂತವಳು ಮ್ಹೈಸಾಳ ಕಡೆಯ ಕೃಷ್ಣವ್ವ. ಅವಳ ಗಂಡ ಧೋಂಡಪ್ಪನಿಗೆ ಹೊಟ್ಟೆಯ ಆಪರೇಶನ್ ಆಗಿತ್ತು. ಕುರಿ ಕಾಯುವವಳ ಗಂಟಲು, ಪಿಸುಗುಟ್ಟಿದರೂ ಹೊಳೆಯ ಆಚೆ ದಂಡೆಗೆ ಕೇಳುವಂಥದು.

"ಬಡವಂತ ಇವ!" ಎಂದು ಆಕೆ ಸುರುವಿನಲ್ಲೇ ರೇಗಿಸಿದಳು. "ಎಪ್ಪಾ, ನನ್ನ ಗಂಡ ಲಗ್ನದಾಗೂ ಬೂಟ ಮೆಟ್ಟಿಲ್ಲ!"

ಮತ್ತೆ ಅದೇ ನಗೆ. ಪರದೆಯ ಮೇಲೆ ಆಗ ಖೋಲಿ ಕಳೆದುಕೊಂಡ ಮನುಷ್ಯ ಅದೇ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಮೇಲಿನವರು ಇಳಿದು ಬಂದರು, ಕೆಳಗಿನವರು ಹತ್ತಿ ಹೋದರು. ಎಲ್ಲರೂ ಅವನನ್ನು ದಾಟಿಕೊಂಡೇ ಹೋದರು. ಕೃಷ್ಣವ್ವ ನಗು ನಿಲ್ಲಿಸಿ ಮುಂದಕ್ಕೆ ಬಾಗಿದಳು.

"ಏನ್ರಿ ಅಣ್ಣಾರ, ಇಷ್ಟ ಮಂದಿ ಹೊಂಟಾರಲ್ಲ, ಒಬ್ಬರೂ ಅವಗ ಉಂಡೇನಪಾ ಅಂತ ಕೇಳೂದಿಲ್ಲೇನು?"

ಬರಹದಲ್ಲಿ ಅಂಥದ್ದೇನೂ ಇರಲಿಲ್ಲ. ರೇವಪ್ಪ ಮುಂಬಯಿಯಲ್ಲಿ ನೋಡುವಾಗಲೂ ಅದು ಹೊಳೆದಿರಲಿಲ್ಲ. ಅವನು ಹೇಳಿದ: "ಇಲ್ಲವ್ವ. ಆ ಊರಾಗ ಯಾರೂ ಕೇಳೂದಿಲ್ಲ."

"ಯವ್ವಾ..." ಎಂದಳೊಬ್ಬಳು. ರೇವಪ್ಪ ಜಾಣ. ಗಾಳಿ ತಿರುಗಿದ್ದು ತಿಳಿಯಿತು. ಅಲ್ಲಿಂದಾಚೆ ಅವನು ಬಡವ ಎಂಬ ಶಬ್ದವನ್ನೇ ಬಾಯಿಗೆ ತರಲಿಲ್ಲ. ಯಾರೂ ಮಾತಾಡಿಸದ ಮನುಷ್ಯನ ಕಥೆ ಹೇಳಿದ. ಈ ಬಾಗಿಲಿಗೆ ಹೋದ, ಮುಚ್ಚಿತ್ತು. ಆ ಕಿಟಕಿಯಲ್ಲಿ ದೀಪವಿತ್ತು, ಬಾ ಅನ್ನುವವರಿರಲಿಲ್ಲ. ನಗುತ್ತಿದ್ದ ಗಂಡಸರು ಕೂಡ ಮುಂಡಾಸಿನ ತುದಿಯಿಂದ ಮೂಗು ಒರೆಸಿಕೊಂಡರು.

ಆಮೇಲೆ ಬಂಗಲೆ ಬಂತು. ಉದ್ದನೆಯ ಮೇಜು, ತರತರದ ತಾಟು, ಬಡಿಸಿ ದೂರ ಸರಿದು ನಿಂತ ಆಳು. ಮುಂಬಯಿಯಲ್ಲಿ ಚಪ್ಪಾಳೆ ಬಿದ್ದದ್ದು ಇಲ್ಲಿಯೇ. ಸಡಗರದ ದನಿ ತೆಗೆಯಬೇಕೆಂದು ಬಾಯಿ ತೆರೆದ ರೇವಪ್ಪನಿಗೆ ತನ್ನದೇ ಊಟ ನೆನಪಾಯಿತು. ಅಂಗಡಿಯ ಮಾತು ತಪ್ಪಿಸಲೆಂದು ಅವನು ಅಣ್ಣನ ಮನೆಯಲ್ಲಿ ಅತ್ತಿಗೆ ಬಡಿಸುವ ಊಟ ಬಿಟ್ಟು ವರ್ಷವಾಗಿತ್ತು. ಸಾಂಗಲಿಯಲ್ಲೇ ಇದ್ದು, ಮನೆಯಿಂದ ಎರಡು ಓಣಿ ಆಚೆಯ ಖಾನಾವಳಿಯಲ್ಲಿ ಗೋಡೆಗೆ ಮುಖಮಾಡಿ ಉಣ್ಣುತ್ತಿದ್ದ. "ಎಲ್ಲಾ ಬಂತು ನೋಡ್ರಿ," ಎಂದ ಕೊನೆಗೆ, "ಕೂಡ ಕುಂತು ಉಣ್ಣಾವರಷ್ಟ ಬರಲಿಲ್ಲ." ಹೆಂಗಸರ ಕಡೆ ಅಳು ಒಡೆಯಿತು. ನಿಜ ಹೇಳಬೇಕೆಂದರೆ ಎಲ್ಲರಿಗಿಂತ ಮೊದಲು ಅತ್ತವನು ರೇವಪ್ಪನೇ.

ಕುರ್ಚಿಯ ಸಾಲಿನಲ್ಲಿದ್ದ ಬಿಳಿಯ ನರ್ಸಬಾಯಿಯೊಬ್ಬಳು ಮಾತ್ರ ಚಪ್ಪಾಳೆ ತಟ್ಟಿ, ಸುತ್ತ ನೋಡಿ, ಗಾಬರಿಯಾದಳು. ಅವಳು ಹಿಮದ ಬೀದಿಗೆ ಅತ್ತು ಮುಗಿಸಿದ್ದಳು. ಆಟ ಮುಗಿದ ಮೇಲೆ ರೇವಪ್ಪನ ಬಳಿ ಬಂದು, ಸುಖವಾಗಿರುವಾಗ ಇವರೆಲ್ಲ ಅಳುವುದೇಕೆ ಎಂದು ತನ್ನ ಹರಕುಮುರುಕು ಮರಾಠಿಯಲ್ಲಿ ಕೇಳಿದಳು. ಒಬ್ಬನೇ ಉಣ್ಣುತ್ತಾನಲ್ಲ, ಅದಕ್ಕೆ ಎಂದ ರೇವಪ್ಪ. "ನಾನೂ ದಿನಾ ಒಬ್ಬಳೇ ಉಣ್ಣುವುದು," ಎಂದಳು ಅವಳು, ಅದರಲ್ಲೇನಿದೆ ಎಂಬಂತೆ. ರೇವಪ್ಪ ಅದನ್ನು ಕನ್ನಡದಲ್ಲಿ ಹೇಳಿದ್ದೇ ಕೃಷ್ಣವ್ವ ಆ ನರ್ಸಬಾಯಿಯ ಮುಖ ನೋಡಿ ಮತ್ತೊಮ್ಮೆ ಕಣ್ಣೊರೆಸಿಕೊಂಡಳು. ಮರುದಿನ ಆಸ್ಪತ್ರೆಯಲ್ಲಿ ಹುಡುಕಿಕೊಂಡು ಹೋಗಿ, ರೊಟ್ಟಿ-ಝುಣಕ ಬಿಚ್ಚಿ, ಎದುರು ಕೂತು ಉಣಿಸಿಯೇ ಬಂದಳಂತೆ. ಖಾರಕ್ಕೆ ನರ್ಸಬಾಯಿಯ ಕಣ್ಣಲ್ಲಿ ನೀರು ಬಂತೆಂದು ಆಮೇಲೆ ರೇವಪ್ಪನಿಗೆ ನಗುತ್ತ ಹೇಳಿದಳು.

ಸುದ್ದಿ ಹಬ್ಬಿತು. ಮಾಲಗಾಂವದಿಂದ ಚಕ್ಕಡಿ ಕಟ್ಟಿಕೊಂಡು ಬಂದರು. ಡೇರೆಯ ಬದಿಯ ಬಟ್ಟೆ ಎತ್ತಿ ಹೊರಗೂ ಮಂದಿಯನ್ನು ಕೂರಿಸಬೇಕಾಯಿತು. ಕೊನೆಯ ದಿನದ ಆಟಕ್ಕೆ ಸಿದ್ರಾಮಪ್ಪ ಸಾಂಗಲಿಯಿಂದ ಟಾಂಗಾದಲ್ಲಿ ಬಂದಿಳಿದು ಕುರ್ಚಿಯಲ್ಲಿ ಕೂತ. ಅಣ್ಣ ಜನ್ಮದಲ್ಲಿ ಸಿನಿಮಾ ನೋಡಿದವನಲ್ಲ. ಕುದುರೆ ಕೆನೆಯುವಾಗ ರೇವಪ್ಪ ನಾಚಿ ಅರ್ಧಕ್ಕೇ ನಿಲ್ಲಿಸಿದ. ಆದರೂ ಮೇಜಿನ ಮಾತು ಬಂದಾಗ, ಅಣ್ಣನ ಕಡೆ ನೋಡದೆ, ಎಂದಿನಂತೆಯೇ ಹೇಳಿ ಮುಗಿಸಿದ.

ಮಂದಿ ಚದುರಿತು. ಡೇರೆಯ ಕಂಬ ಹಿಡಿದು ನಿಂತಿದ್ದ ಅಣ್ಣನ ಬಳಿ ರೇವಪ್ಪ ಹೋಗಿ, ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟ: "ಸಿನಿಮಾ ಓಡೇತಿ, ಅಣ್ಣಾ. ನಾ ಇನ್ನ ಅಂಗಡಿಗಿ ಬರೂದಿಲ್ಲ."

ಸಿದ್ರಾಮಪ್ಪ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ.

"ಅಂಗಡಿಗಿ ಯಾರು ಕರದ್ರೋ ನಿನ್ನ? ಊಟಕ್ಕ ಬಾ. ನಿಮ್ಮ ವೈನಿ ದಿನಾ ನಿನ್ನ ತಾಟ ಹಾಕ್ತಾಳ, ದಿನಾ ಹಂಗ ಎತ್ತಿಡ್ತಾಳ. ನಂಗ ನೋಡಾಕ ಆಗವಲ್ದು."

ರೇವಪ್ಪ ಬೆತ್ತ ಬಗಲಿಗಿಟ್ಟುಕೊಂಡು ಹೋಗಿ ಟಾಂಗಾದಲ್ಲಿ ಅಣ್ಣನ ಪಕ್ಕಕ್ಕೆ ಕೂತ.