ದೊರೆಯನ್ನು ಓಡಿಸಿದ ಇದಿನಬ್ಬ

ಸೌದಿಯ ಅಲ್ ಅಹ್ಸಾದ ಖರ್ಜೂರದ ತೋಟವೊಂದರಲ್ಲಿ ನಮ್ಮ ಇದಿನಬ್ಬ ಮೇಸ್ತ್ರಿ. ಅವನು ಅರಬ್ಬಿಯಲ್ಲಿ ‘ಯಲ್ಲಾ!’, ಅಂದರೆ ‘ನಡೀರಿ!’ ಎಂದು ಕೂಗು ಹಾಕಿದರೆ ಸಾಕು, ಬಂಗಾಳಿ, ಈಜಿಪ್ಟಿನ ಮಿಸ್ರಿ, ಸುಡಾನಿ ಆಳುಗಳೆಲ್ಲ ಚಾ ಲೋಟ ಬಿಟ್ಟು ಕೆಲಸಕ್ಕೆ ಏಳುತ್ತಾರೆ. ಗಂಟಲು ಅಂಥದ್ದು. ಬಿಡುವಾದರೆ ಮಾತ್ರ ಒಂದೇ ಕಥೆ, ಮುತ್ತಜ್ಜಿ ಹಲೀಮತಳದ್ದು. ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ಘಟ್ಟದ ಮೇಲೆ ಬಿಳಿ ದೊರೆಯ ಕಾಫಿ ತೋಟ. ಕೆಲಸದ ಹೊತ್ತಿನಲ್ಲಿ ಮಗುವಿಗೆ ಹಾಲು ಕುಡಿಸಬಾರದೆಂದು ಅವನ ಅಪ್ಪಣೆ. ಹಲೀಮತ್ ಗಿಡದ ಬುಡದಲ್ಲಿ ಕುಳಿತು ಕುಡಿಸಿಯೇ ಬಿಟ್ಟಳು. ದೊರೆ ಚಾಟಿ ಎತ್ತಿದ್ದೇ ತಡ, ಆಳುಗಳು ಹಣ್ಣಿನ ಬುಟ್ಟಿಗಳನ್ನು ಮಗುಚಿದರು. ‘ಯಾರು ಮಗುಚಿದ್ದು?’ ಎಂದು ಅವನು ಅಬ್ಬರಿಸಿದರೆ, ‘ನಾವು ಎಲ್ಲಾ!’ ಎಂದು ಇಡೀ ತೋಟವೇ ಕೂಗಿತಂತೆ. ಅಂದು ಹಾಲು ಕುಡಿದ ಮಗುವೇ ಇದಿನಬ್ಬನ ಅಜ್ಜ.

ಮಗಳು ಹಿಬಾ ನಂಬಲಿಲ್ಲ. “ಕಥೆ ಕಟ್ಬೇಡಿ ಬಾಪಾ, ನಮ್ಮ ಹಿಸ್ಟರಿ ಬುಕ್ಕಲ್ಲಿ ಎಂತದೂ ಇಲ್ಲ” ಎಂದಳು. ಅದು ಅವನಿಗೆ ನಾಟಿತು. ಈ ಚಳಿಗಾಲ ಇಲ್ಲಿರುವ ನಮ್ಮ ಊರವರೆಲ್ಲ ಅದೇ ಖರ್ಜೂರದ ತೋಟದಲ್ಲಿ ಸೇರಿದಾಗ ನಾಟಕ ಆಡಿಸಿಯೇ ತೀರಿದ. “ಅವಳು ಒಮ್ಮೆ ನಂಬಿದ್ರೆ ಸಾಕು ಮಾರಾಯ” ಎಂದು ನನ್ನ ಕೈ ಹಿಡಿದ. ಹೊಟ್ಟೆ ನೋಡಿ ದೊರೆಯ ವೇಷ ನನಗೇ ಕೊಟ್ಟರು. ಮೀಸೆ ಬೋಳಿಸಿದ ಮುಸ್ತಫಾ ಹಲೀಮತ್ ಆದ. ಇದಿನಬ್ಬನಿಗೆ ‘ನಾವು ಎಲ್ಲಾ!’ ಎಂಬ ಎರಡೇ ಪದದ ಮಾತು.

ತೋಟದ ಆಳುಗಳು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಕನ್ನಡ ಒಂದಕ್ಷರ ಬಾರದು. ಹಿಬಾ ಮೊಬೈಲಿನಲ್ಲಿ ಮುಳುಗಿದ್ದಳು. ನಾನು ಚಾಟಿ ಬೀಸಿ, “ಯಾರು ಮಗುಚಿದ್ದು?” ಎಂದೆ. ಗಾಬರಿಯಲ್ಲಿ ಇದಿನಬ್ಬನ ‘ನಾವು’ ಗಂಟಲಲ್ಲೇ ಉಳಿಯಿತು. ಉಳಿದದ್ದು ಮೇಸ್ತ್ರಿಯ ದನಿಯಲ್ಲಿ ಹೊರಬಿತ್ತು.

“ಎಲ್ಲಾ!”

ಆಳುಗಳಿಗೆ ಕೇಳಿದ್ದು ‘ಯಲ್ಲಾ!’ ಅಷ್ಟೂ ಜನ ಧಡಕ್ಕನೆ ಎದ್ದು ವೇದಿಕೆಗೆ ನುಗ್ಗಿದರು. ನಾಟಕದಲ್ಲಿ ಇದಿಲ್ಲವಲ್ಲ! ನಾನು ಟೋಪಿ ಬಿಟ್ಟು ಓಟ ಕಿತ್ತೆ. ಜನ ಬಿದ್ದು ಬಿದ್ದು ನಕ್ಕರು.

ಖರ್ಜೂರದ ಮರದ ಹತ್ತಿರ ಯಾರೋ ನನ್ನ ಕೋಟು ಹಿಡಿದೆಳೆದರು. ತಿರುಗಿದರೆ ಹಿಬಾ! ಎಲ್ಲರಿಗಿಂತ ಮುಂದೆ, ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಅವಳು ನಗುತ್ತಿರಲಿಲ್ಲ.

“ನನ್ನ ಅಜ್ಜಿಯನ್ನು ಮುಟ್ಟಿದ್ರೆ ಜಾಗ್ರತೆ!”

ಹಿಂದೆಯೇ ಏದುಸಿರು ಬಿಡುತ್ತ ಓಡಿ ಬಂದ ಇದಿನಬ್ಬ ಅದನ್ನು ಕೇಳಿದ. ಸಂತೋಷಕ್ಕೆ ಅಳುತ್ತ ಮರಳಿನ ಮೇಲೇ ಕುಳಿತುಬಿಟ್ಟ.