ಮೇಲಣ್ಣನಿಗೆ ಕೈಕೊಟ್ಟ ಕಂಪ್ಯೂಟರು

ಬಂದರಿನಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಮೂವತ್ತೊಂದು ವರ್ಷ ಕ್ರೇನಿನ ತುದಿಯ ಗಾಜಿನ ಗೂಡಿನಲ್ಲಿ ಕೂತು ಹಡಗುಗಳಿಂದ ಕಂಟೇನರ್ ಇಳಿಸಿದವನು, ಹಾಗಾಗಿ ಮೇಲಣ್ಣ. ಕೆಳಗೆ ಕಟ್ಟೆಯ ಮೇಲೆ ನಿಂತು ವಾಕಿಟಾಕಿ ಬಾಯಿಗೆ ಹಿಡಿದು, ‘ಇನ್ನೊಂದಡಿ... ಅರ್ಧ ಅಡಿ... ಸಾಕು’ ಎಂದು ದಾರಿ ಹೇಳುತ್ತಿದ್ದ ಅವನ ಗೆಳೆಯ ಕೆಳಗಣ್ಣ. ಯಾವನೋ ಲಾರಿ ಡ್ರೈವರು ತಮಾಷೆಗೆ ಇಟ್ಟ ಹೆಸರುಗಳು ಕೊನೆಗೆ ಎರಡೂ ಮನೆಯವರ ಬಾಯಲ್ಲಿ ನಿಂತುಹೋದವು.

ಗೂಡಿನಿಂದ ನೋಡಿದರೆ ಹಡಗಿನ ಹೊಟ್ಟೆಯೊಳಗೆ ಕಾಣುವುದು ಅಷ್ಟಕ್ಕಷ್ಟೆ. ಮಂಜು ಕವಿದ ಬೆಳಗಿನಲ್ಲಂತೂ ಮೇಲಣ್ಣನಿಗೆ ತನ್ನ ಕೊಕ್ಕೆಯೇ ಕಾಣುತ್ತಿರಲಿಲ್ಲ. ಕಿವಿಯಲ್ಲಿ ಕೆಳಗಣ್ಣನ ದನಿಯೊಂದೇ. ‘ಕೆಳಗೆ ಯಾರೂ ಇಲ್ಲ, ಬಿಡು’ ಎಂದರೆ ಬಿಡುತ್ತಿದ್ದ. ಒಮ್ಮೆ ಅಂಥದೇ ಮಂಜಿನಲ್ಲಿ ಕೆಳಗಣ್ಣ ‘ನಿಲ್ಲಿಸು!’ ಎಂದು ಕಿರುಚಿದ. ಏಕೆ, ಏನು ಎಂದು ಕೇಳದೆ ಮೇಲಣ್ಣ ಹಿಡಿ ಎಳೆದ. ತೂಗುವ ಭಾರದ ನೇರ ಕೆಳಗೆ ಒಬ್ಬ ಕೂಲಿಯವನು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದನಂತೆ. ಆ ದಿನ ಗೆಳೆಯರಿಬ್ಬರೂ ಉಗ್ರಾಣದ ಗೋಡೆಗೆ ಬೆನ್ನು ಕೊಟ್ಟು ಕೂತು ಚಹಾ ಕುಡಿದರು. ಅಲ್ಲಿಂದಾಚೆ ಮೇಲಣ್ಣನ ಮನೆಯಲ್ಲಿ ಏನೇ ಆಗಲಿ, ಮೊದಲ ಮಾತು ಕೆಳಗಣ್ಣನಿಗೆ.

ಐವತ್ತಾರಕ್ಕೆ ಮೇಲಣ್ಣನ ಮಂಡಿ ಸವೆಯಿತು. ಕ್ರೇನಿನ ಏಣಿಗೆ ನೂರ ನಲವತ್ತು ಮೆಟ್ಟಿಲು. ‘ಇನ್ನು ಏಣಿ ಮರೆತುಬಿಡಿ’ ಎಂದರು ಡಾಕ್ಟರು. ಬಂದರಿನವರೆಲ್ಲ ಸೇರಿ ಅವನನ್ನು ಬೀಳ್ಕೊಡುವಾಗ ಶಾಲೂ ಹೊದಿಸಲಿಲ್ಲ, ಗಡಿಯಾರವನ್ನೂ ಕೊಡಲಿಲ್ಲ, ಕಂಪ್ಯೂಟರ್ ಕೊಟ್ಟರು. ಊಟದ ವೇಳೆಯಲ್ಲಿ ಅವನು ಯಾರದೋ ಫೋನಿನಲ್ಲಿ ಲಾರಿ ಓಡಿಸುವ ಆಟ ನೋಡುತ್ತ ಮೈಮರೆಯುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಬಿಡಿಭಾಗ ಆರಿಸಿ ಜೋಡಿಸುವ ಹೊಣೆ ಹೊತ್ತವನು ಕೆಳಗಣ್ಣ. ಅವನ ಮಗಳು ಕಂಪ್ಯೂಟರಿನಲ್ಲಿ ಬೊಂಬೆಚಿತ್ರ ಮಾಡುವ ಅನಿಮೇಶನ್ ಓದು ಓದುತ್ತಿದ್ದಳು. ಅವಳ ಕಂಪ್ಯೂಟರನ್ನು ತಾನೇ ಜೋಡಿಸಿದ್ದ. ‘ಅಂಗಡಿಯವರ ಕೈಗೆ ಕೊಡಬೇಡಿ, ಹಳೇ ಸಾಮಾನು ತುರುಕಿಬಿಡ್ತಾರೆ’ ಎಂದು ಎಲ್ಲರ ಎದುರು ಹೇಳಿದವನು ಅವನೇ.

ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಬಂತು. ಭಾಗಗಳ ಖಾಲಿ ರಟ್ಟಿನ ಪೆಟ್ಟಿಗೆಗಳನ್ನೂ ಮೇಲಣ್ಣ ಕೇಳಿ ತರಿಸಿಕೊಂಡು ಬೀರುವಿನ ಮೇಲೆ ಜೋಡಿಸಿಟ್ಟ. ಅವನ ಹೆಂಡತಿ ನಕ್ಕಳು: “ಮದುವೆ ಸೀರೆ ಪೆಟ್ಟಿಗೇನ ಎಸೆದೋರು ನೀವು. ಈ ರಟ್ಟಿಗೆ ಏನ್ರೀ ಇಷ್ಟು ಉಪಚಾರ?”

ಆಟದಲ್ಲಿ ಮೇಲಣ್ಣ ಮರದ ದಿಮ್ಮಿ ಹೊತ್ತ ಲಾರಿಯನ್ನು ಘಟ್ಟದ ತಿರುವುಗಳಲ್ಲಿ ಓಡಿಸುತ್ತಿದ್ದ. ಎಲ್ಲೆಲ್ಲಿಯವರೋ ಹತ್ತು ಹನ್ನೆರಡು ಜನ ಮಧ್ಯಾಹ್ನ ಮೂರಕ್ಕೆ ಸೇರಿ, ಸಾಲುಗಟ್ಟಿ ಹೊರಡುತ್ತಿದ್ದರು. ಆ ಸಾಲಿಗೆ ಸೇರಿದ ಮೊದಲ ದಿನವೇ, ಹತ್ತೊಂಬತ್ತನೆಯ ನಿಮಿಷಕ್ಕೆ, ಪರದೆ ಕಪ್ಪಾಯಿತು. ಫ್ಯಾನುಗಳು ನಿಂತವು. ಒಂದು ಉಸಿರು ಬಿಟ್ಟಂತೆ ಸದ್ದು ಮಾಡಿ ಕಂಪ್ಯೂಟರ್ ತಾನಾಗಿಯೇ ಮತ್ತೆ ಶುರುವಾಯಿತು. ಮರುದಿನ ಇಪ್ಪತ್ತೆರಡಕ್ಕೆ. ಅದರ ಮರುದಿನ ಹದಿನಾಲ್ಕಕ್ಕೆ. ಅವನ ಲಾರಿ ತಿರುವಿನ ನಡುವೆ ಅಡ್ಡ ನಿಂತು, ಹಿಂದಿನವರೆಲ್ಲ ಬಂದು ಗುದ್ದುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಒಂದು ಭಾರವನ್ನೂ ಕೈಬಿಡದವನಿಗೆ ಇದು ಆಟ ಎಂದುಕೊಂಡು ಸುಮ್ಮನಿರಲು ಆಗಲಿಲ್ಲ.

ಕೆಳಗಣ್ಣನಿಗೆ ಹೇಳಿಕಳಿಸಿದ. ಕೆಳಗಣ್ಣ ಟಾರ್ಚು, ಬ್ರಶ್ಶು ಹಿಡಿದು ಬಂದ. ನೆಲದ ಮೇಲೆ ಪಟ್ಟಾಗಿ ಕೂತು ಪಕ್ಕದ ತಗಡು ಬಿಚ್ಚಿ ಇಣುಕಿದ.

“ಬಿಸಿ ಕಣೋ. ಗಾಳಿ ಆಡ್ತಿಲ್ಲ. ತಗಡು ತೆಗೆದೇ ಇಡು, ಎದುರಿಗೆ ಟೇಬಲ್ ಫ್ಯಾನ್ ಹಾಕು.”

ಫ್ಯಾನ್ ಹಾಕಿದರು. ಹದಿನೆಂಟನೆಯ ನಿಮಿಷಕ್ಕೆ ಪರದೆ ಕಪ್ಪಾಯಿತು.

ಮೇಲಣ್ಣ ಒಂದು ನೋಟುಪುಸ್ತಕ ತೆರೆದ. ಕ್ರೇನು ಹತ್ತುವ ಮುನ್ನ ದಿನವೂ ಬ್ರೇಕು, ಹಗ್ಗ, ಗಾಳಿಯ ವೇಗ ಬರೆದಿಡುವುದು ಅವನ ಅಭ್ಯಾಸ. ಅದೇ ಗುಂಡು ಅಕ್ಷರದಲ್ಲಿ ಈಗ ತಾರೀಖು, ಎಷ್ಟನೆಯ ನಿಮಿಷ, ಆಗ ಲಾರಿ ಎಲ್ಲಿತ್ತು, ಒಳಗಿನ ಬಿಸಿ ಎಷ್ಟು ತೋರಿಸುತ್ತಿತ್ತು ಎಂದು ಬರೆದ. ಕೆಳಗಣ್ಣ ಎರಡನೆಯ ಸಲ ಬಂದು ಚಿತ್ರ ಮೂಡಿಸುವ ಕಾರ್ಡಿನ ಡ್ರೈವರ್ ತಂತ್ರಾಂಶ ತೆಗೆದು ಹೊಸದಾಗಿ ಹಾಕಿದ. ಮೂರನೆಯ ಸಲ ಮೆಮೊರಿ ಪಟ್ಟಿಗಳೆರಡನ್ನೂ ಕಿತ್ತು, ಒಂದೊಂದಾಗಿ ಹಾಕಿ, ಒಂದಿಡೀ ಹಗಲು ಪರೀಕ್ಷೆ ಓಡಿಸಿದ. ತಪ್ಪು ಸಿಗಲಿಲ್ಲ. ಕಂಪ್ಯೂಟರ್ ತನ್ನ ಹಟ ಬಿಡಲಿಲ್ಲ.

ನಾಲ್ಕನೆಯ ಸಲ ಕೆಳಗಣ್ಣ ಗೋಡೆಯ ಸ್ವಿಚ್ಚಿನ ಕಡೆ ನೋಡಿದ. “ನಿಮ್ಮನೆ ಕರೆಂಟೇ ಸರಿಯಿಲ್ಲ. ಮೂರು ಗಂಟೆಗೆ ಬಟ್ಟೆ ಮೆಷಿನ್ ಓಡತ್ತಲ್ಲ? ಅದು ಕರೆಂಟ್ ಎಳೆದಾಗೆಲ್ಲ ಇದು ಪ್ರಾಣ ಬಿಡತ್ತೆ.”

ಒಳಗಿನಿಂದ ಮೇಲಣ್ಣನ ಹೆಂಡತಿ ಕೇಳಿಸಿಕೊಂಡಳು. “ಅಣ್ಣಾ, ಆ ಮೆಷಿನ್ ಓಡೋದು ವಾರಕ್ಕೆರಡು ದಿನ. ಇದು ಆರೋದು ವಾರಕ್ಕೇಳು ದಿನ.”

“ಮಿಕ್ಸಿ ಇದೆ, ಇಸ್ತ್ರಿ ಪೆಟ್ಟಿಗೆ ಇದೆ. ಎಲ್ಲಾ ಲೆಕ್ಕಕ್ಕೆ ಬರತ್ತಮ್ಮ,” ಎಂದ ಕೆಳಗಣ್ಣ, ಅವಳ ಮುಖ ನೋಡದೆ.

ಮೇಲಣ್ಣ ಗೆಳೆಯನ ಮಾತು ನಂಬಿದ. ಎಲೆಕ್ಟ್ರಿಶಿಯನ್ ಬಂದು ವೈರಿಂಗ್ ಎಲ್ಲ ನೋಡಿ, ‘ಏನೂ ತೊಂದರೆ ಇಲ್ಲ ಸಾರ್’ ಎಂದ. ಆ ಮಾತನ್ನು ನಂಬಲಿಲ್ಲ. ಹೆಂಡತಿ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಎರಡಕ್ಕೆ ಮನೆ ಸೇರುವವಳು. ಅವಳ ಮನೆಗೆಲಸವೆಲ್ಲ ಆ ಮೇಲೆಯೇ. ಈಗ ಮೂರರಿಂದ ಐದರವರೆಗೆ ಅವಳು ಒಂದು ಸ್ವಿಚ್ಚು ಮುಟ್ಟುವಂತಿರಲಿಲ್ಲ. ಒಂದು ದಿನ ಮರೆತು ಇಸ್ತ್ರಿ ಪೆಟ್ಟಿಗೆ ಹಾಕಿದಳು. ಅದೇ ಗಳಿಗೆಯಲ್ಲಿ ಪರದೆ ಕಪ್ಪಾಯಿತು. ಮೇಲಣ್ಣ ಎದ್ದು ಬಂದು ಪ್ಲಗ್ಗು ಕಿತ್ತು ಎಸೆದ.

“ನನ್ನ ಒಂದು ಖುಷೀನೂ ನಿನ್ನ ಕೈಲಿ ಸಹಿಸೋಕಾಗಲ್ಲ ಅಲ್ವಾ?”

ಅವಳು ಅರ್ಧ ತೀಡಿದ ಸಮವಸ್ತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ನಾಲ್ಕು ದಿನ ಇಬ್ಬರ ನಡುವೆ ಮಾತಿಲ್ಲ. ಕೆಳಗಣ್ಣ ಬಂದಾಗ ಮೇಲಣ್ಣ ಇದನ್ನೂ ಹೇಳಿಕೊಂಡ. ಕೆಳಗಣ್ಣ ತಲೆ ತಗ್ಗಿಸಿ ಸ್ಕ್ರೂ ಬಿಗಿಯುತ್ತ, “ಹೆಂಗಸರಿಗೆ ಇದೆಲ್ಲ ಅರ್ಥ ಆಗಲ್ಲ, ಬಿಡು” ಎಂದ.

ಆರನೆಯ ತಿಂಗಳು. ಒಂದು ಮಳೆಯ ಮಧ್ಯಾಹ್ನ ಮೇಲಣ್ಣ ನೋಟುಪುಸ್ತಕವನ್ನು ಮೊದಲ ಪುಟದಿಂದ ಓದಿದ. ಸಿನಿಮಾ ಮೂರು ಗಂಟೆ ಓಡಿದರೂ ಕಂಪ್ಯೂಟರ್ ಆರಿಲ್ಲ. ಆಟದಲ್ಲೂ ಖಾಲಿ ರಸ್ತೆಯಲ್ಲಿ ಆರಿದ್ದು ಕಡಿಮೆ. ಹತ್ತಾರು ಲಾರಿ, ಮಳೆ, ಊರು, ದೀಪ ಎಲ್ಲ ಒಟ್ಟಿಗೆ ಪರದೆಗೆ ಬಂದಾಗಲೇ ಹೆಚ್ಚು. ಬಿಸಿಯ ಅಂಕಿ ಆಗಲೂ ಮಿತಿಯೊಳಗೇ ಇತ್ತು. ಕ್ರೇನು ಹೀಗೆ ಮಾಡಿದ್ದರೆ ತಾನು ಏನು ಹೇಳುತ್ತಿದ್ದೆ ಎಂದು ತನ್ನನ್ನೇ ಕೇಳಿಕೊಂಡ. ಖಾಲಿ ಕೊಕ್ಕೆ ಸಲೀಸಾಗಿ ಓಡಿ, ಭಾರ ಎತ್ತಿದಾಗ ಮಾತ್ರ ಕ್ರೇನು ಕೂತರೆ, ಮೊದಲು ನೋಡಬೇಕಾದ್ದು ಮೋಟಾರಿಗೆ ಬರುವ ಕರೆಂಟು. ಮನೆಯ ಕರೆಂಟನ್ನು ನೋಡಿ ಆಗಿತ್ತು. ಹಾಗಾದರೆ ಅದನ್ನು ಒಳಗಿನ ಭಾಗಗಳಿಗೆ ಹಂಚುವ ಪವರ್ ಸಪ್ಲೈ ಡಬ್ಬ. ಕೆಳಗಣ್ಣ ಎಂಟು ಸಲ ಬಂದಿದ್ದ, ಎಲ್ಲವನ್ನೂ ಕಿತ್ತಿದ್ದ, ಅದೊಂದರ ಮೇಲೆ ಮಾತ್ರ ಕೈ ಇಟ್ಟಿರಲಿಲ್ಲ. ಪಾಪ, ಹೊಸ ಭಾಗ ಅಂತ ಸುಮ್ಮನಿದ್ದಾನೆ ಎಂದುಕೊಂಡ ಮೇಲಣ್ಣ.

ಆಟದಲ್ಲಿ ಚಿತ್ರದ ಗುಣಮಟ್ಟವನ್ನು ಪೂರ್ತಿ ಇಳಿಸಿದ. ಅಂದು ಐವತ್ತು ನಿಮಿಷ ಆರದೆ ಓಡಿತು. ಅನುಮಾನ ಗಟ್ಟಿಯಾಯಿತು. ಗೆಳೆಯನನ್ನು ಮತ್ತೆ ಮತ್ತೆ ಕಾಡುವುದೇಕೆ ಎಂದು, ಬೆಳಿಗ್ಗೆ ಕಂಪ್ಯೂಟರನ್ನು ಆಟೋದಲ್ಲಿಟ್ಟುಕೊಂಡು ಮಾರುಕಟ್ಟೆಯ ಹಿಂದಿನ ರಿಪೇರಿ ಅಂಗಡಿಗೆ ಹೋದ. ಅಂಗಡಿಯಾಕೆ ಕನ್ನಡಕ ಹಣೆಗೇರಿಸಿ ನೋಟುಪುಸ್ತಕವನ್ನು ಪೂರ್ತಿ ಓದಿದಳು.

“ಯಜಮಾನ್ರೇ, ನನ್ನ ಕೆಲಸ ಎಲ್ಲಾ ನೀವೇ ಮಾಡಿಬಿಟ್ಟಿದೀರ.”

ತನ್ನಲ್ಲಿದ್ದ ಬೇರೆ ಪವರ್ ಸಪ್ಲೈಗೆ ತಂತಿ ಸಿಕ್ಕಿಸಿ, ಗುಣಮಟ್ಟ ಪೂರ್ತಿ ಏರಿಸಿ ಆಟ ಶುರು ಮಾಡಿಸಿದಳು. ಮೇಲಣ್ಣ ಸ್ಟೂಲಿನ ಮೇಲೆ ಕೂತು ಎರಡು ಗಂಟೆ ಲಾರಿ ಓಡಿಸಿದ. ಪರದೆ ಒಮ್ಮೆಯೂ ಮಿಟುಕಲಿಲ್ಲ. ಆಮೇಲೆ ಅವಳು ಒಳಗಿನ ತಗಡಿನ ಮರೆಯಲ್ಲಿದ್ದ ಹಳೆಯ ಡಬ್ಬದ ಸ್ಕ್ರೂ ಬಿಚ್ಚಿ ಹೊರಗೆಳೆದಳು.

“ಇದು ಹೊಸದು ಅಂದ್ರಲ್ಲ? ಏನಿಲ್ಲಾಂದ್ರೂ ಏಳೆಂಟು ವರ್ಷದ್ದು. ನಿಮ್ಮ ಕಾರ್ಡಿಗೆ ಇದರ ಶಕ್ತಿ ಎಲ್ಲಿ ಸಾಲತ್ತೆ? ಯಾರು ಜೋಡಿಸಿದ್ದು?”

ಅವಳು ಡಬ್ಬವನ್ನು ಮಗುಚಿದಳು. ಒಳಮುಖವಾಗಿದ್ದ ಪಕ್ಕದಲ್ಲಿ, ತಿದ್ದುವ ಬಿಳಿ ಶಾಯಿಯಲ್ಲಿ, ಓರೆ ಅಕ್ಷರಗಳು: ‘ನನ್ನ ಡಬ್ಬ. ಮುಟ್ಟಿದರೆ ಜೋಕೆ!’ ಕೊನೆಗೆ ಹಲ್ಲು ಕಿರಿದ ಬೆಕ್ಕಿನ ಮುಖ.

ಆ ಬೆಕ್ಕನ್ನು ಮೇಲಣ್ಣ ಬಲ್ಲ. ಕೆಳಗಣ್ಣನ ಮನೆಯಲ್ಲಿ ಊಟಕ್ಕೆ ಕೂತಾಗ, ಮೂಲೆಯ ಮೇಜಿನ ಮೇಲೆ ತಗಡಿಲ್ಲದೆ ಬಾಯಿ ತೆರೆದುಕೊಂಡಿದ್ದ ಮಗಳ ಕಂಪ್ಯೂಟರಿನೊಳಗೆ ಅದನ್ನು ನೋಡಿ ನಕ್ಕಿದ್ದ. ಆ ಹುಡುಗಿ ಆಗ ಅಳುಮುಖ ಮಾಡಿಕೊಂಡು ಹೇಳಿದ್ದಳು: ‘ದೊಡ್ಡಪ್ಪಾ, ಕೆಲಸ ಅರ್ಧ ಆಗೋಷ್ಟರಲ್ಲಿ ಇದು ಆಫ್ ಆಗ್ಬಿಡತ್ತೆ.’

ಅಂಗಡಿಯಾಕೆ ಏನೋ ಕೇಳುತ್ತಿದ್ದಳು. ಮೇಲಣ್ಣನ ಕಿವಿಗೆ ಬೀಳಲಿಲ್ಲ. “ಹೊಸದೇ ಹಾಕಿಬಿಡಿ ತಾಯಿ. ಈ ಹಳೇದನ್ನ ನನಗೆ ಕೊಡಿ” ಎಂದಷ್ಟೇ ಹೇಳಿದ. ಮನೆಗೆ ಬಂದು ಬೀರುವಿನ ಮೇಲಿಂದ ಪವರ್ ಸಪ್ಲೈಯ ರಟ್ಟಿನ ಪೆಟ್ಟಿಗೆ ಇಳಿಸಿ, ಅದರ ಮೇಲಿನ ಸಂಖ್ಯೆಯನ್ನು ಡಬ್ಬದ ಸಂಖ್ಯೆಯ ಜೊತೆ ಮೂರು ಸಲ ಹೋಲಿಸಿದ; ಮೂರು ಸಲವೂ ಬೇರೆ ಬೇರೆಯೇ. ಕಣ್ಣಾರೆ ಕಂಡ ಮೇಲೂ, ತಾನೇ ಎಲ್ಲೋ ತಪ್ಪಿದ್ದರೆ ಸಾಕಪ್ಪಾ ಎನ್ನಿಸುತ್ತಿತ್ತು.

ಮರುದಿನ ಚಹಾದ ವೇಳೆಗೆ ಬಂದರಿಗೆ ಹೋದ. ಕೆಲಸಗಾರರ ಕೋಣೆಯ ಬೆಂಚಿನ ಮೇಲೆ ಕೆಳಗಣ್ಣ ಒಬ್ಬನೇ ಕೂತು ಕೈಗವಸು ಒಣಗಿಸುತ್ತಿದ್ದ. ಮೇಲಣ್ಣ ಡಬ್ಬವನ್ನು ಬೆಕ್ಕು ಕಾಣುವಂತೆ ಅವನ ಪಕ್ಕದಲ್ಲಿಟ್ಟ.

ಕೆಳಗಣ್ಣ ಕೈಗವಸನ್ನು ಬೆಂಚಿನ ಮೇಲಿಟ್ಟ. “ಮಗಳ ಪರೀಕ್ಷೆ ಹತ್ತಿರ ಬಂದಿತ್ತು ಕಣೋ. ಚಿತ್ರ ಮುಗಿಸಿ ಕೊಡ್ಬೇಕಿತ್ತು. ನಿನ್ನ ಹೊಸದನ್ನ ಅವಳದಕ್ಕೆ ಹಾಕಿ, ಅವಳ ಹಳೇದನ್ನ ನಿನ್ನದಕ್ಕೆ ಹಾಕಿದೆ. ನಿನಗಾದ್ರೆ ಆಟ ತಾನೆ ಅಂದ್ಕೊಂಡೆ” ಎಂದ.

“ಕೇಳಿದ್ರೆ ನಾನು ಕೊಡ್ತಿರಲಿಲ್ವಾ?”

“ನೀನು ಕೊಡ್ತಿದ್ದೆ.”

“ಮತ್ತೆ?”

“ಎಲ್ಲರೂ ಸೇರಿ ಕೊಟ್ಟ ಉಡುಗೊರೆ. ಕೇಳೋಕೆ ನಾಚಿಕೆ ಆಯ್ತು.”

“ನಾಚಿಕೆ!” ಮೇಲಣ್ಣ ಡಬ್ಬವನ್ನು ಅವನ ಕಡೆ ತಳ್ಳಿದ. “ಎಂಟು ಸಲ ನನ್ನ ಮನೆ ನೆಲದ ಮೇಲೆ ಕೂತು, ಟಾರ್ಚ್ ಬಿಟ್ಟು ಹುಡುಕೋ ನಾಟಕ ಆಡಿದೆಯಲ್ಲೋ. ಆಗ ಎಲ್ಲಿ ಹೋಗಿತ್ತು ನಾಚಿಕೆ? ರೋಗ ಏನು ಅಂತ ನಿನಗೊಬ್ಬನಿಗೇ ಗೊತ್ತಿತ್ತು. ನಾನು ಹೆಂಡತಿ ಮೇಲೆ ಕೂಗಾಡಿದೆ ಅಂತ ನಿನ್ನ ಮುಂದೆ ಹೇಳ್ಕೊಂಡೆ. ಆಗಾದ್ರೂ ಬಾಯಿ ಬಿಡಬಾರದಿತ್ತಾ?”

“ಒಂದು ಸಲ ಸುಳ್ಳು ಹೇಳಿಬಿಟ್ಟಿದ್ದೆ. ಆಮೇಲೆ ಹೇಗೆ ವಾಪಸ್ ಬರೋದು ಅಂತ ತಿಳೀಲಿಲ್ಲ. ಬೇರೆ ಹೊಸದು ತಂದು ಹಾಕೋಣ ಅಂತಿದ್ದೆ. ಇವತ್ತು, ನಾಳೆ ಅಂತ...” ಮಾತು ಮುಗಿಯಲಿಲ್ಲ. ಹೊರಗೆ ಯಾರೋ ಕೆಳಗಣ್ಣನನ್ನು ಕೂಗಿದರು. ಅವನು ಒದ್ದೆ ಕೈಗವಸು ಹಾಕಿಕೊಂಡು ಹೋದ.

ಮೇಲಣ್ಣ ಗೇಟು ದಾಟುವ ಮುನ್ನ ತಲೆಯೆತ್ತಿ ಕ್ರೇನು ನೋಡಿದ. ಮೇಲೆ ಯಾವನೋ ಹೊಸಬ ಭಾರ ಇಳಿಸುತ್ತಿದ್ದ. ಕೆಳಗಣ್ಣ ಕೈ ಮೇಲೆತ್ತಿ ಬೆರಳು ತಿರುಗಿಸುತ್ತಿದ್ದ. ಸಾವಿರಾರು ಸಲ ‘ಯಾರೂ ಇಲ್ಲ, ಬಿಡು’ ಎಂದು ಆ ದನಿ ಹೇಳಿತ್ತು, ತಾನು ಬಿಟ್ಟಿದ್ದ. ಪ್ರತಿ ಸಲವೂ ಅದು ನಿಜವೇ ಆಗಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೂ ಅಂದು ಮೇಲಣ್ಣ ಗೇಟಿನ ಕಂಬಕ್ಕೆ ಒರಗಿ, ಆ ಭಾರ ನೆಲ ಮುಟ್ಟುವವರೆಗೂ ನೋಡುತ್ತ ನಿಂತ. ಕಂಪ್ಯೂಟರನ್ನು ರಿಪೇರಿಯಾಕೆ ಸರಿಮಾಡಿಕೊಟ್ಟಿದ್ದಳು. ಈ ಮೂವತ್ತೊಂದು ವರ್ಷವನ್ನು ಯಾರ ಹತ್ತಿರ ಒಯ್ಯುವುದು?

ಮನೆಗೆ ಬಂದು ಹೆಂಡತಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವಳು ಕೆಳಗಣ್ಣನನ್ನು ಬೈಯಲಿಲ್ಲ.

“ಅವರು ನಿಮಗೆ ಮೋಸ ಮಾಡಿದ್ರು, ಸರಿ. ನನ್ನ ಮಾತು ಬಿಟ್ಟು ಅವರ ಮಾತು ನಂಬಿದ್ದು ಯಾರು?”

“ತಪ್ಪಾಯ್ತು ಕಣೆ” ಎಂದ ಮೇಲಣ್ಣ. ಅವಳು ಒಪ್ಪಿಕೊಂಡಳೋ ಬಿಟ್ಟಳೋ ಗೊತ್ತಿಲ್ಲ. ಬಟ್ಟೆ ಮೆಷಿನ್ನನ್ನಂತೂ ಸರಿಯಾಗಿ ಮೂರೂಕಾಲಿಗೆ ಹಾಕಿದಳು. ಅಂದಿನಿಂದ ಅದೇ ಅವಳ ಹೊತ್ತಾಯಿತು.

ವಾರದ ಮೇಲೆ ಕೆಳಗಣ್ಣನ ಮಗಳು ಬಂದಳು. ಕಣ್ಣು ಊದಿತ್ತು. ಬಟ್ಟೆಯಲ್ಲಿ ಸುತ್ತಿದ ಆ ಹೊಸ ಪವರ್ ಸಪ್ಲೈಯನ್ನು ಎರಡೂ ಕೈಯಲ್ಲಿ ಚಾಚಿದಳು. “ದೊಡ್ಡಪ್ಪಾ, ಅಪ್ಪ ಇದನ್ನ ನನಗೋಸ್ಕರ ಕೊಂಡು ತಂದಿದ್ದು ಅಂತ ಹೇಳಿದ್ರು. ಆಣೆಗೂ ನನಗೆ ಗೊತ್ತಿರಲಿಲ್ಲ.”

“ಗೊತ್ತು ಮಗಳೇ. ನಂಗೆ ಬೇರೆ ಬಂದಾಯ್ತು. ಇದು ನಿನ್ನ ಹತ್ರಾನೇ ಇರ್ಲಿ. ಇದನ್ನ ನಾನು ಕೊಟ್ಟಿದ್ದು, ನಿಮ್ಮಪ್ಪ ಅಲ್ಲ. ತಿಳೀತಾ?”

ಅವಳು ಅಳುತ್ತಲೇ ತಲೆಯಾಡಿಸಿದಳು. ಮುಂದೆ ಅವಳ ಚಿತ್ರ ಕಾಲೇಜಿನಲ್ಲಿ ಮೆಚ್ಚುಗೆ ಪಡೆದು, ಅವಳಿಗೆ ಕೆಲಸವೂ ಸಿಕ್ಕಿತು. ಸುದ್ದಿ ಕೇಳಿ ಮೇಲಣ್ಣ ನಿಜವಾಗಿಯೇ ಸಂತೋಷಪಟ್ಟ. ಅವಳ ಅಪ್ಪನ ಮನೆಯ ಬಾಗಿಲು ಮಾತ್ರ ತುಳಿಯಲಿಲ್ಲ. ಬಂದರಿನ ಹಳಬರು ನಡುವೆ ಬಂದು, ‘ಅಷ್ಟು ಸಣ್ಣ ಡಬ್ಬಕ್ಕೆ ಇಷ್ಟು ದೊಡ್ಡ ಮುನಿಸಾ?’ ಎಂದರು. ಡಬ್ಬಕ್ಕಲ್ಲ ಎಂದು ಒಂದೆರಡು ಸಲ ವಿವರಿಸಲು ಹೋಗಿ, ಆಮೇಲೆ ಅದನ್ನೂ ಬಿಟ್ಟ.

ಎರಡು ವರ್ಷ ಕಳೆದ ಮೇಲೆ ಮಂಡಿ ಡಾಕ್ಟರ ಕೋಣೆಯ ಹೊರಗೆ ಇಬ್ಬರೂ ಎದುರಾದರು. ಕೆಳಗಣ್ಣನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತ.

“ನಿಂದು ಎಷ್ಟನೇ ನಂಬರು?”

“ಹದಿನೇಳು.”

“ನಂದು ಇಪ್ಪತ್ತು.”

ಇನ್ನೇನೋ ಹೇಳಲು ಕೆಳಗಣ್ಣ ಬಾಯಿ ತೆರೆದ. ನರ್ಸು ಹದಿನೇಳು ಎಂದು ಕೂಗಿದಳು. ಮೇಲಣ್ಣ ಗೋಡೆ ಹಿಡಿದು ಎದ್ದು ಒಳಗೆ ಹೋದ. ಹೊರಗೆ ಬಂದಾಗ ಇನ್ನೂ ಹದಿನೆಂಟರ ಸರದಿ, ಕೆಳಗಣ್ಣ ಅಲ್ಲೇ ಕೂತಿದ್ದ. ಅವನು ಚಪ್ಪಲಿ ಮೆಟ್ಟಿಕೊಂಡು, ಔಷಧಿ ಚೀಟಿಯನ್ನು ಜೇಬಿಗಿಟ್ಟುಕೊಂಡು, ಮಳೆ ನಿಂತಿದೆಯೇ ಎಂದು ಬಾಗಿಲಲ್ಲಿ ಒಮ್ಮೆ ಕೈ ಚಾಚಿ ನೋಡಿ, ಮನೆಯ ದಾರಿ ಹಿಡಿದ.